ಅವರೆಕಾಳಿನ ಜಾಗದಲ್ಲಿ ಹಿಮನದಿ

ಮಲೇಷಿಯಾದ ನಿಲಾಯ್ ಊರಿನ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಅವರನ್ನು ಎಲ್ಲರೂ ಐಸ್ ಮೇಡಂ ಎನ್ನುತ್ತಿದ್ದರು. ನಾನೂ ಇಲ್ಲಿ ಬರೀ ಮೇಡಂ ಎಂದೇ ಬರೆಯುತ್ತೇನೆ. ಹೆಸರು ಹಾಕಿ ಹೊಗಳಿದರೆ ಅವರಿಗೆ ಸರಿಬರುತ್ತಿರಲಿಲ್ಲ. ಒಂದು ರಾಜ್ಯೋತ್ಸವಕ್ಕೆ ನಮ್ಮ ಕನ್ನಡದವರ ಗುಂಪು ಅವರನ್ನು ಕರೆದು, ಹಿಂದೆ ಮುಂದೆ ಏನೇನೋ ವಿಶೇಷಣ ಸೇರಿಸಿ, ಉಣ್ಣೆಯ ಶಾಲು ಹೊದಿಸಿತು. ಮೈಕ್ ಕೈಗೆ ಬಂದ ಕೂಡಲೇ ಅವರು ಕೇಳಿದ್ದು, ಈ ಸೆಕೆಯೊಳಗೆ ಉಣ್ಣೆಯ ಶಾಲು ತರುವ ಬುದ್ಧಿ ಯಾರಿಗೆ ಬಂತು ಎಂದು. ಸಭೆ ಬಿದ್ದು ಬಿದ್ದು ನಕ್ಕಿತು. ಶಾಲು ತಂದಿದ್ದ ನಮ್ಮ ಕಾರ್ಯದರ್ಶಿಗಳು ಮಾತ್ರ ಊಟದ ಹೊತ್ತಿನವರೆಗೂ ಗಂಟುಮುಖ ಹಾಕಿಕೊಂಡಿದ್ದರು.

ಧಾರವಾಡದ ಕಡೆಯವರು. ಐವತ್ತೈದು ದಾಟಿತ್ತು. ಸಣಕಲು ಮೈ, ಗಿಡ್ಡ ಕತ್ತರಿಸಿದ ಬಿಳಿಕೂದಲು, ಇಳಕಲ್ ಸೀರೆ, ಅದರ ಕೆಳಗೆ ಬೆಟ್ಟ ಹತ್ತುವ ದಪ್ಪ ಬೂಟು. ಆ ಬೂಟು ಹಾಕಿಕೊಂಡೇ ತರಕಾರಿಗೆ ಹೋಗುತ್ತಿದ್ದರು. ಅವರ ಕೆಲಸ ಹಿಮನದಿಗಳದ್ದು. ಎತ್ತರದ ಬೆಟ್ಟಗಳಲ್ಲಿ ವರ್ಷವರ್ಷವೂ ಬಿದ್ದ ಹಿಮ ಒತ್ತಿ ಒತ್ತಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ಮೆಲ್ಲಗೆ ಕೆಳಗೆ ಜಾರುತ್ತದಲ್ಲ, ಅದು. ಅಂಥದ್ದನ್ನು ಓದಿದವರು ವರ್ಷವಿಡೀ ಬೆವರು ಸುರಿಯುವ ಮಲೇಷಿಯಾದಲ್ಲಿ ಏನು ಮಾಡುತ್ತಿದ್ದಾರೆ ಎಂದು ಹೊಸಬರೆಲ್ಲ ಕೇಳುತ್ತಿದ್ದರು. ನಾನೂ ಕೇಳಿದ್ದೆ.

"ಐಸ್ ಇರೋದು ಅಲ್ಲಿ, ಪಗಾರ ಕೊಡೋದು ಇಲ್ಲಿ. ಏನ್ಮಾಡ್ಲಿ ತಂಗಿ?" ಅಂದರು.

ಊರಾಚೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಅವರ ಕೆಲಸ, ಅದರ ಜೊತೆಗೆ ಒಂದಿಷ್ಟು ಪಾಠ. ಹಿಮಾಲಯದಿಂದ ಕೊರೆದು ತಂದ ಮಂಜುಗಡ್ಡೆಯೊಳಗೆ ಎಷ್ಟು ಧೂಳಿದೆ, ಎಷ್ಟು ಮಸಿಯಿದೆ ಎಂದು ನೋಡುವ ಯಂತ್ರ ಅಲ್ಲಿತ್ತು. ಮಸಿ ಕೂತ ಹಿಮ ಬಿಸಿಲನ್ನು ಹೆಚ್ಚು ಹೀರುತ್ತದೆ, ಬೇಗ ಕರಗುತ್ತದೆ. ಕಪ್ಪು ಬಟ್ಟೆ ಹಾಕಿಕೊಂಡು ಬಿಸಿಲಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ ಎಂದು ಅವರು ನಮಗೆಲ್ಲ ಬಿಡಿಸಿ ಹೇಳಿದ್ದರು.

ಎಡಗೈಯ ಎರಡು ಬೆರಳುಗಳ ತುದಿಗೆ ಅವರಿಗೆ ಸ್ಪರ್ಶವೇ ಇರಲಿಲ್ಲ. ಯಾವುದೋ ವರ್ಷ ಬೆಟ್ಟದ ಮೇಲೆ ಚಳಿ ಕಚ್ಚಿದ್ದಂತೆ. ಅದರ ಬಗ್ಗೆ ದೊಡ್ಡ ಕಥೆ ಹೇಳುತ್ತಾರೆ ಎಂದು ನಾವು ಕಾದಿದ್ದೇ ಬಂತು, ಅವರು ಒಂದು ದಿನವೂ ಹೇಳಲಿಲ್ಲ. ಆದರೆ ಜೋಳದ ರೊಟ್ಟಿ ಬಡಿಯುವಾಗ, ಸುಡು ಹೆಂಚಿನ ಮೇಲಿನ ರೊಟ್ಟಿಯನ್ನು ಆ ಎರಡು ಬೆರಳಿನಿಂದಲೇ ಎತ್ತಿ ಮಗುಚುತ್ತಿದ್ದರು. ನೋಡುವ ನಮಗೆ ಚುರ್ ಅನ್ನುತ್ತಿತ್ತು. ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಕೂತಾಗ ಸುತ್ತಲಿನವರೆಲ್ಲ ದೊಡ್ಡ ಗ್ಲಾಸಿನಲ್ಲಿ ಐಸ್ ತುಂಬಿದ ಟೀ ಕುಡಿಯುತ್ತಿದ್ದರೆ ಇವರು ಹೊಗೆಯಾಡುವ ಕರಿ ಟೀ ತರಿಸುತ್ತಿದ್ದರು. ಐಸನ್ನು ತಿಂದು ಮುಗಿಸಲು ಲೋಕವೇ ಇದೆ, ನಾನೊಬ್ಬಳಾದರೂ ಬಿಡುತ್ತೇನೆ ಎನ್ನುವುದು ಅವರ ವಾದ.

ಲಾಕ್‌ಡೌನಿಗೆ ಮೊದಲು ಒಂದು ಭಾನುವಾರ ನಮ್ಮ ಮನೆಯಲ್ಲಿ ಮಕ್ಕಳನ್ನೆಲ್ಲ ಕೂರಿಸಿಕೊಂಡು ಒಂದು ಆಟ ಆಡಿಸಿದರು. ಗ್ಲಾಸಿನ ನೀರಿನಲ್ಲಿ ಐಸ್ ತೇಲಿಬಿಟ್ಟು, ಕಂಠದವರೆಗೂ ನೀರು ತುಂಬಿ, ಕರಗಿದ ಮೇಲೆ ಚೆಲ್ಲುತ್ತದೋ ಇಲ್ಲವೋ ಎಂದು ಕೇಳಿದರು. ಮಕ್ಕಳೆಲ್ಲ ಚೆಲ್ಲುತ್ತದೆ ಎಂದರು, ದೊಡ್ಡವರೂ ಹಾಗೇ ಅಂದೆವು. ಕಾದು ಕೂತೆವು, ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ಅದೇ ಗ್ಲಾಸಿನ ಮೇಲೆ ನನ್ನ ಟೀ ಸೋಸುವ ಜಾಲರಿ ಇಟ್ಟು, ಅದರೊಳಗೆ ಐಸ್ ಇಟ್ಟರು. ಅದು ಕರಗಿ ಇಳಿದು ನನ್ನ ಮೇಜಿನ ಬಟ್ಟೆಯೆಲ್ಲ ತೊಪ್ಪೆಯಾಯಿತು. ಸಮುದ್ರದಲ್ಲಿ ಈಗಾಗಲೇ ತೇಲುತ್ತಿರುವ ಮಂಜುಗಡ್ಡೆಯಿಂದ ನೀರು ಏರುವುದಿಲ್ಲ ಅನ್ನಬಹುದು. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ನೆಲದ ಮೇಲೆ ಕೂತ ರಾಶಿ ಇಳಿದು ಬಂದರೆ ಏರುತ್ತದೆ, ಪೆನಾಂಗ್‌ನ ದಂಡೆಗೂ ಮಂಗಳೂರಿನ ದಂಡೆಗೂ ಲೆಕ್ಕ ಒಂದೇ ಎಂದರು. ನನ್ನ ಮಗಳು ಆ ರಾತ್ರಿ ಊಟಕ್ಕೆ ಕೂತು ಅದನ್ನೇ ಇಂಗ್ಲಿಷಿನಲ್ಲಿ ಅವಳಪ್ಪನಿಗೆ ಪಾಠ ಮಾಡಿದಳು. ಮೇಜಿನ ಬಟ್ಟೆ ಒಣಗಿಸಿದವಳು ನಾನು.

ಅವರ ಬಾಯಲ್ಲಿ ಹೆಚ್ಚು ಬರುತ್ತಿದ್ದ ಮಾತು "ಗೊತ್ತಿಲ್ರಿ". ಇಷ್ಟು ಓದಿದವರ ಬಾಯಲ್ಲಿ ಆ ಮಾತು ಅಷ್ಟು ಸಲೀಸಾಗಿ ಬರುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ನಮ್ಮ ಆಫೀಸುಗಳಲ್ಲಿ ಗೊತ್ತಿಲ್ಲ ಎಂದವನಿಗೆ ಬಡ್ತಿಯೇ ಸಿಗುವುದಿಲ್ಲ. ಗುಂಪಿನ ಆನ್‌ಲೈನ್ ಕಾರ್ಯಕ್ರಮದಲ್ಲಿ ಒಬ್ಬರು, ಗಂಗೆ ಯಾವ ವರ್ಷ ಬತ್ತಿಹೋಗುತ್ತಾಳೆ ಮೇಡಂ ಎಂದು, ಸಿನಿಮಾ ಬಿಡುಗಡೆಯ ದಿನ ಕೇಳಿದ ಹಾಗೆ ಕೇಳಿದರು. ಗೊತ್ತಿಲ್ಲ ಎಂದರು. ಗಂಗೆಗೆ ಮಳೆಯ ನೀರೇ ಹೆಚ್ಚು, ಹಿಮ ಕರಗಿದರೆ ನದಿ ಮಾಯವಾಗುತ್ತದೆ ಅನ್ನುವುದು ತಪ್ಪು; ಆದರೆ ಬೇಸಿಗೆಯಲ್ಲಿ, ಮಳೆಗೆ ಮುಂಚೆ, ಮೇಲಿನ ಹಳ್ಳಿಗಳವರಿಗೆ ಆ ಹಿಮದ ನೀರೇ ಗತಿ ಎಂದರು. ಹೆದರಿಸುವವರನ್ನೂ ಅವರು ಬಿಡುತ್ತಿರಲಿಲ್ಲ, ಏನೂ ಆಗಿಲ್ಲ ಅನ್ನುವವರನ್ನೂ ಬಿಡುತ್ತಿರಲಿಲ್ಲ. ಲಾಕ್‌ಡೌನಿನ ಮೊದಲ ದಿನಗಳಲ್ಲಿ ಗಾಳಿ ಶುದ್ಧವಾಗಿ ದೂರದ ಊರಿಗೂ ಹಿಮಾಲಯ ಕಾಣಿಸಿತು, ಪ್ರಕೃತಿ ಗುಣವಾಯಿತು ಎಂಬ ಫೋಟೋ ಎಲ್ಲರ ಫೋನಿಗೂ ಬಂದಿತ್ತು. ಗುಂಪಿನಲ್ಲಿ ಯಾರೋ ಅದನ್ನು ಹಾಕಿ ಕೈ ಮುಗಿದಿದ್ದರು. ಅದರ ಕೆಳಗೆ ಮೇಡಂ, ಕಾಣಿಸಿತು ಅಂದರೆ ಉಳಿಯಿತು ಅಂತಲ್ಲ ಎಂದು ಒಂದೇ ಸಾಲು ಬರೆದರು. ಕೈ ಮುಗಿದವರು ಗುಂಪನ್ನೇ ಬಿಟ್ಟು ಹೋದರು.

ಇನ್ನು ನಮ್ಮ ಅತ್ತೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮೇಡಂ ಕಥೆ ಮುಂದೆ ಹೋಗುವುದಿಲ್ಲ. ಅತ್ತೆ ಮೈಸೂರಿನಿಂದ ಮಗ ಮೊಮ್ಮಗಳನ್ನು ನೋಡಲು ಬಂದವರು, ವಿಮಾನಗಳು ನಿಂತು ಇಲ್ಲೇ ಸಿಕ್ಕಿಹಾಕಿಕೊಂಡರು. ಬರುವಾಗ ಸೂಟ್‌ಕೇಸಿನ ಅರ್ಧ ಹಿತಕಿದ ಅವರೆಬೇಳೆಯನ್ನೇ ತಂದಿದ್ದರು. ಅದನ್ನಿಡಲು ನಮ್ಮಲ್ಲಿ ಜಾಗವೂ ಇತ್ತು. ಹಿಂದಿನ ಬಾಡಿಗೆಯವರು ಮೀನಿನ ವ್ಯಾಪಾರ ಮಾಡುತ್ತಿದ್ದವರು. ಹೋಗುವಾಗ ಮೇಲೆ ಮುಚ್ಚಳ ತೆಗೆಯುವ, ಪೆಟ್ಟಿಗೆಯಂಥ ಒಂದು ದೊಡ್ಡ ಹಳೆಯ ಫ್ರೀಜರನ್ನು ಹಿಂದಿನ ಬಾಲ್ಕನಿಯಲ್ಲೇ ಬಿಟ್ಟು ಹೋಗಿದ್ದರು. ಅತ್ತೆ ಬಂದ ವಾರವೇ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅರಿಶಿನದ ನೀರು ಚಿಮುಕಿಸಿ, ಶುದ್ಧ ಮಾಡಿ, ಅವರೆಬೇಳೆ, ತೆಂಗಿನತುರಿ, ನೆಲ್ಲಿಕಾಯಿ ಎಲ್ಲ ತುಂಬಿ ಬೀಗ ಜಡಿದರು. ಅದರ ಕೀ ಅವರ ಸೊಂಟದಲ್ಲಿ. ನನ್ನ ಮನೆಯ ಫ್ರೀಜರಿನಿಂದ ಒಂದು ಹಿಡಿ ಕಾಯಿತುರಿ ಬೇಕಾದರೂ ನಾನು ಅರ್ಜಿ ಹಾಕಿಕೊಳ್ಳಬೇಕಾಗಿತ್ತು.

ಲಾಕ್‌ಡೌನ್ ಶುರುವಾಗಿ ಕೆಲವು ವಾರಗಳಾಗಿದ್ದವು. ಒಂದು ಮಧ್ಯಾಹ್ನ ಮೇಡಂ ಫೋನ್ ಮಾಡಿದರು. ದನಿ ಎಂದಿನಂತಿರಲಿಲ್ಲ. ಪ್ರಯೋಗಾಲಯದ ಕಾವಲುಗಾರ ಕರೆ ಮಾಡಿದ್ದನಂತೆ: ಐಸ್ ಇಟ್ಟಿದ್ದ ದೊಡ್ಡ ಫ್ರೀಜರ್ ಕೆಟ್ಟು ಕೂತಿದೆ, ಒಳಗಿನ ತಂಪು ಇಳಿಯುತ್ತಿದೆ. ರಿಪೇರಿಯವರು ಜಿಲ್ಲೆ ದಾಟಿ ಬರುವಂತಿಲ್ಲ, ಬೇಕಾದ ಸಾಮಾನು ಹೊರದೇಶದಿಂದ ಬರಬೇಕು. ಒಳಗಿದ್ದದ್ದು ಗಂಗೋತ್ರಿಯ ಮೇಲ್ಭಾಗದ ಒಂದು ಹಿಮನದಿಯಿಂದ ಅವರು ತಾವೇ ನಿಂತು ಕೊರೆಸಿ ತಂದ ಮಂಜುಗಡ್ಡೆ. ಬಾಳೆದಿಂಡಿನಷ್ಟು ದಪ್ಪದ ತುಂಡುಗಳು, ಒಂದೊಂದರಲ್ಲೂ ಎಷ್ಟೋ ವರ್ಷಗಳ ಹಿಮ, ಪದರದ ಮೇಲೆ ಪದರ.

ಹೋದರೆ ಇನ್ನೊಮ್ಮೆ ತರಬಹುದಲ್ಲ ಎಂದೆ, ಸಮಾಧಾನ ಮಾಡುವವಳ ಹಾಗೆ.

"ಇಲ್ಲ ತಂಗಿ. ಹಿಂದಿನ ಸಲ ಹೋದಾಗ ನೋಡಿದೆ. ನಾವು ಕೊರದ ಜಾಗದಾಗ ಮ್ಯಾಲಿನ ಅಷ್ಟೂ ವರ್ಷ ಕರಗಿ ಹೊಳಿಗೆ ಹೋಗ್ಯಾವ. ಈಗ ಅದು ಇರೋದು ಈ ಡಬ್ಬಿಯೊಳಗ ಅಷ್ಟ."

ಸಂಜೆಯ ಹೊತ್ತಿಗೆ ಇಡೀ ಕಾಂಡೋದವರು ತಂತಮ್ಮ ಫ್ರಿಜ್ಜಿನ ವಿಡಿಯೋ ತೆಗೆದು ಅವರಿಗೆ ಕಳಿಸಿದ್ದರು. ಎಲ್ಲರೂ ಕೊಡಲು ತಯಾರು. ಕಾರ್ಯದರ್ಶಿಗಳೂ ಶಾಲಿನ ಸಿಟ್ಟು ಮರೆತು ತಮ್ಮ ಎರಡು ಬಾಗಿಲಿನ ಹೊಸ ಫ್ರಿಜ್ಜನ್ನು ಮುಂದಿಟ್ಟರು. ಮೇಡಂ ಅದನ್ನೂ ಬೇಡ ಎಂದರು. ಹೊಸ ಫ್ರಿಜ್ಜುಗಳು ಒಳಗೆ ಹಿಮ ಕಟ್ಟದ ಹಾಗೆ ಆಗಾಗ ತಮ್ಮನ್ನು ತಾವೇ ಸ್ವಲ್ಪ ಬಿಸಿ ಮಾಡಿಕೊಳ್ಳುತ್ತವಂತೆ. ನಮ್ಮ ಬಟಾಣಿಗೆ ಅದು ತಿಳಿಯುವುದಿಲ್ಲ, ಮಂಜುಗಡ್ಡೆಯ ಪದರಗಳು ಕೆಟ್ಟುಹೋಗುತ್ತವೆ. ಅವರಿಗೆ ಬೇಕಾಗಿದ್ದು ಆ ಚಾಳಿಯಿಲ್ಲದ ಹಳೆಯ ಫ್ರೀಜರ್, ಒಳಗೋಡೆಗೆಲ್ಲ ಹಿಮ ಮೆತ್ತಿಕೊಳ್ಳುವಂಥದ್ದು. ಅಂಥ ದರಿದ್ರ ಫ್ರೀಜರ್ ಇಡೀ ಕಟ್ಟಡದಲ್ಲಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ, ಮತ್ತು ಅದು ಅವರೆಬೇಳೆಯಿಂದ ತುಂಬಿತ್ತು.

ಅತ್ತೆಗೆ ಹೇಳಿದೆ. ಅವರು ಬಾಲ್ಕನಿಗೆ ಹೋಗಿ ಫ್ರೀಜರಿನ ಮುಚ್ಚಳ ಒಮ್ಮೆ ಸವರಿದರು. ಆಮೇಲೆ ಸೊಂಟದಿಂದ ಕೀ ತೆಗೆದರು. ಆ ವಾರ ನಮ್ಮ ಮನೆಯಲ್ಲಿ ಹಿತಕಿದ ಬೇಳೆ ಸಾರು, ಅವರೆಬೇಳೆ ಉಪ್ಪಿಟ್ಟು, ಅವರೆಬೇಳೆ ಹಾಕಿದ ಅಕ್ಕಿರೊಟ್ಟಿ, ಮತ್ತೆ ಹಿತಕಿದ ಬೇಳೆ ಸಾರು. ತಿಂದು ಮಿಕ್ಕಿದ್ದನ್ನು ಇಲ್ಲಿ ತಪಾವ್ ಎನ್ನುವ ಪಾರ್ಸೆಲ್ ಡಬ್ಬಗಳಲ್ಲಿ ತುಂಬಿ ಎಲ್ಲರ ಬಾಗಿಲ ಗ್ರಿಲ್ಲಿಗೂ ನೇತುಹಾಕಿ ಬಂದೆ. ಮೇಡಂ ಅನುಮತಿ ಪತ್ರ ತೋರಿಸಿ ಪೊಲೀಸರನ್ನು ದಾಟಿ, ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಐಸ್ ತಂದು, ಪ್ಲಾಸ್ಟಿಕ್ ಹಾಳೆಯೊಳಗೆ ಸುತ್ತಿದ್ದ ತುಂಡುಗಳನ್ನು ಒಂದೊಂದಾಗಿ ನಮ್ಮ ಫ್ರೀಜರಿನೊಳಗೆ ಮಲಗಿಸಿದರು. ಮಲಗಿಸಿದರು ಎಂದೇ ಹೇಳಬೇಕು, ಹಸುಗೂಸನ್ನು ಮಲಗಿಸುವಷ್ಟು ಜೋಪಾನವಿತ್ತು. ಅತ್ತೆ ದೂರದಲ್ಲಿ ಮಾಸ್ಕ್ ಹಾಕಿಕೊಂಡು ನಿಂತು ನೋಡಿದರು. ಯಾರೂ ಮುಟ್ಟಬೇಡಿ ಎಂದು ಮತ್ತೆ ಮತ್ತೆ ಹೇಳಿ ಮೇಡಂ ಹೋದಮೇಲೆ, ಇದು ಗಂಗೆ ಹುಟ್ಟೋ ಜಾಗದ್ದೇನಾ ಎಂದು ಅತ್ತೆ ನನ್ನನ್ನು ಎರಡು ಸಲ ಕೇಳಿದರು. ಹೌದು ಎಂದೆ.

ಕೆಲವು ದಿನಗಳಾದ ಮೇಲೆ ಮೈಸೂರಿನಲ್ಲಿ ಅತ್ತೆಯ ಅಕ್ಕ ತೀರಿಕೊಂಡರು. ಸೋಂಕಲ್ಲ, ವಯಸ್ಸಾಗಿತ್ತು. ಆದರೂ ಊರು ಮುಚ್ಚಿತ್ತು, ಮಕ್ಕಳೂ ಸಮಯಕ್ಕೆ ಸೇರಲಾಗಲಿಲ್ಲ, ಬಾಯಿಗೆ ಗಂಗೆ ಬಿಡುವವರೂ ಇರಲಿಲ್ಲ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಕಾಶಿಯಿಂದ ತಂದ ಪುಟ್ಟ ತಾಮ್ರದ ಗಿಂಡಿ ಇರುತ್ತದೆ, ಬಾಯಿಗೆ ಬೆಸುಗೆ ಹಾಕಿದ್ದು. ಯಾರಾದರೂ ಕೊನೆಯುಸಿರು ಎಳೆಯುವಾಗ ಅದನ್ನು ಒಡೆಯುತ್ತಾರೆ. ಅತ್ತೆಯ ಗಿಂಡಿ ಮೈಸೂರಿನ ದೇವರಮನೆಯಲ್ಲಿ, ಅತ್ತೆ ಇಲ್ಲಿ. ನನಗೂ ಹೀಗೇ ಆಗೋದು ಎಂದು ಅವರು ಅಂದು ಒಮ್ಮೆ ಹೇಳಿದರು.

ಮೂರನೆಯ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನನಗೂ ನಮ್ಮ ಯಜಮಾನರಿಗೂ ಅತ್ತೆ ಉದ್ಧರಣೆಯಲ್ಲಿ ತೀರ್ಥ ಕೊಟ್ಟರು. ಕಣ್ಣಿಗೊತ್ತಿಕೊಂಡು ಕುಡಿದೆವು. ಅವರ ಮುಖ ಬಹಳ ದಿನಗಳ ಮೇಲೆ ಗೆಲುವಾಗಿತ್ತು. ತಾಮ್ರದ ಪಾತ್ರೆಯಲ್ಲಿ ಹಾಕಿದ ಕೂಡಲೇ ಚಿಟ್ ಚಿಟ್ ಅಂತ ಗಂಗೆ ಮಾತಾಡಿದಳು ಕಣೇ, ಅಕ್ಕ ಮುಕ್ತಳಾದಳು ಎಂದರು. ಮೀಟಿಂಗ್ ಬಿಟ್ಟು, ಅವರ ಕೈಯಿಂದ ಕೀ ಇಸಿದುಕೊಂಡು ಬಾಲ್ಕನಿಗೆ ಓಡಿದೆ. ಒಂದು ತುಂಡಿನ ಪ್ಲಾಸ್ಟಿಕ್ ಬಿಚ್ಚಿ, ಹೂವಿನ ದಾರದಲ್ಲಿ ಮತ್ತೆ ಚೆನ್ನಾಗಿ ಕಟ್ಟಿತ್ತು. ಒಂದು ತುದಿಯಲ್ಲಿ ಗೇಣುದ್ದ ಇರಲಿಲ್ಲ.

ಮೇಡಂಗೆ ಫೋನಿನಲ್ಲೇ ಹೇಳಿದೆ. ಬಂದರು. ಐಸ್ ಇಡುವ ದಿನಕ್ಕೆ ಸಿಕ್ಕ ಅನುಮತಿ ಬಿಟ್ಟರೆ ಆಗ ಯಾರೂ ಯಾರ ಮನೆಯೊಳಗೂ ಹೋಗುವಂತಿರಲಿಲ್ಲ, ಹಾಗಾಗಿ ಬಾಗಿಲ ಗ್ರಿಲ್ಲಿನ ಹೊರಗೆ ಕಾರಿಡಾರಿನಲ್ಲೇ ನಿಂತರು. ಒಳಗೆ ಅತ್ತೆ, ಕೈಯಲ್ಲಿ ಮಿಕ್ಕ ತೀರ್ಥದ ಪಂಚಪಾತ್ರೆ. ಬೇಕಾದರೆ ವಾಪಸ್ ತಗೊಳ್ಳಲಿ ಎಂದು ತಂದಿದ್ದರು, ಪಾಪ. ಅದರಲ್ಲಿ ತುಳಸಿ ತೇಲುತ್ತಿತ್ತು. ಮೇಡಂ ಆ ಪಾತ್ರೆಯನ್ನು ನೋಡಿದರು. ಅವರು ರೇಗುತ್ತಾರೆ ಎಂದು ನಾನು ಕಾದೆ. ರೇಗಿದ್ದರೆ ವಾಸಿಯಿತ್ತು.

"ಅಮ್ಮಾರ, ಇದನ್ನ ಹೊಳ್ಳಿ ತರಾಕ ಬರಂಗಿಲ್ರಿ," ಎಂದರು. ಅಷ್ಟೇ ಹೇಳಿ ಲಿಫ್ಟಿನ ಕಡೆ ನಡೆದರು. ಬೂಟಿನ ಸದ್ದು ಕಾರಿಡಾರಿನುದ್ದಕ್ಕೂ ಕೇಳಿಸಿತು.

ಆಮೇಲೆ ಕೆಲವು ದಿನ ಅವರ ಸುದ್ದಿಯಿಲ್ಲ. ಫೋನ್ ಎತ್ತಲಿಲ್ಲ. ಅತ್ತೆ ಒಂದು ಹೊತ್ತಿನ ಊಟ ಬಿಟ್ಟರು. ಗಂಗೆಯನ್ನು ಕುಡಿದರೆ ಪಾಪ ಹೋಗುತ್ತದೆ ಎಂದು ಕೇಳಿದ್ದೆ, ನನಗೆ ಕುಡಿದೇ ಪಾಪ ಬಂತಲ್ಲ ಎಂದು ಕೊರಗಿದರು. ನನಗೆ ಇಬ್ಬರ ಮೇಲೂ ಸಿಟ್ಟು. ಅಕ್ಕನನ್ನು ಕಳೆದುಕೊಂಡ ಮುದುಕಿಯ ಮೇಲೆ ಮುನಿಯುವುದೇನು ಎಂದು ಮೇಡಂ ಮೇಲೆ, ಮುಟ್ಟಬೇಡಿ ಎಂದು ಮೇಡಂ ಅಷ್ಟು ಹೇಳಿದ್ದರಲ್ಲ ಎಂದು ಅತ್ತೆಯ ಮೇಲೆ. ಅಷ್ಟರಲ್ಲಿ ಕ್ಲಾಂಗ್ ಬಂದರಿನ ಮೀನಿನ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಮೇಡಂಗೆ ಜಾಗ ಸಿಕ್ಕಿದೆ ಎಂದು ಅವರ ವಿದ್ಯಾರ್ಥಿನಿ, ಒಬ್ಬ ಮಲಯ್ ಹುಡುಗಿ, ನನಗೆ ತಿಳಿಸಿದಳು. ವ್ಯಾನಿಗೆ ಅನುಮತಿಯೂ ಸಿಕ್ಕಿತ್ತಂತೆ. ಸರಿ, ಇನ್ನು ಇವರು ಬಂದು ಐಸ್ ತೆಗೆದುಕೊಂಡು ಹೋಗುತ್ತಾರೆ, ಆಮೇಲೆ ನಮ್ಮ ಮನೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದುಕೊಂಡೆ.

ಬಂದರು. ವ್ಯಾನ್ ತರಲಿಲ್ಲ. ಗ್ರಿಲ್ಲಿನ ಹೊರಗೆ ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತು, ಅತ್ತೆಯನ್ನು ಕರೆದು, ನಡೆದದ್ದನ್ನೆಲ್ಲ ಒಂದೊಂದಾಗಿ ಕೇಳಿದರು. ಯಾವ ತುದಿಯಿಂದ ಮುರಿದಿರಿ, ಚಾಕುವಿನಿಂದಲೋ ಈಳಿಗೆಮಣೆಯಿಂದಲೋ, ಉಳಿದ ಭಾಗಕ್ಕೆ ಕೈ ತಗುಲಿತೋ, ನೀರಿನಲ್ಲಿ ತೊಳೆದಿರೋ. ಅತ್ತೆ ಒಂದನ್ನೂ ಮುಚ್ಚಿಡದೆ ಹೇಳಿದರು. ಮೇಡಂ ತಲೆಯಾಡಿಸಿ, ಆ ತುಂಡಿನ ಉಳಿದದ್ದು ಬದುಕಿದೆ ಎಂದರು. ಆಮೇಲೆ, ನಿಮ್ಮ ಅಕ್ಕ ಹೇಗಿದ್ದರು ಎಂದು ಕೇಳಿದರು. ನಾವು ಯಾರೂ ಅದನ್ನು ಕೇಳಿರಲಿಲ್ಲ. ಅತ್ತೆ ಹೇಳುತ್ತ ಹೋದರು. ಜಡೆ ಹೆಣೆಯುತ್ತಿದ್ದದ್ದು, ತನ್ನ ಪಾಲಿನ ಮೈಸೂರುಪಾಕು ತಂಗಿಗೆ ಕೊಡುತ್ತಿದ್ದದ್ದು, ಗಂಡ ಹೋದ ಮೇಲೆ ಸಾರಿನಪುಡಿ ಮೆಣಸಿನಪುಡಿ ಮಾಡಿ ಮಾರಿ ಮಕ್ಕಳನ್ನು ಓದಿಸಿದ್ದು. ಗ್ರಿಲ್ಲಿನ ಆಚೆ ಮೇಡಂ ಕದಲದೆ ಕೂತು ಕೇಳಿದರು. ಆ ಚಿಟ್ ಚಿಟ್ ಸದ್ದು ಏನೆಂದೂ ಹೇಳಿದರು. ಹಿಮದೊಳಗೆ ಸಿಕ್ಕಿಕೊಂಡ ಹಳೆಯ ಗಾಳಿಯ ಗುಳ್ಳೆಗಳು ಅವು, ಕರಗುವಾಗ ಒಡೆಯುತ್ತವೆ. ನಿಮ್ಮ ಅಕ್ಕ ಆ ಪುಡಿ ಕುಟ್ಟುತ್ತಿದ್ದ ಕಾಲದ ಗಾಳಿಯೇ ಇರಬಹುದು, ಸರಿಯಾಗಿ ಗೊತ್ತಿಲ್ಲ ಎಂದರು. ಅಲ್ಲಿಯೂ ಗೊತ್ತಿಲ್ಲ ಅನ್ನುವುದನ್ನು ಬಿಡಲಿಲ್ಲ ನೋಡಿ.

ಹೊರಡುವಾಗ ನಾನು ಕೋಲ್ಡ್ ಸ್ಟೋರೇಜ್ ವಿಷಯ ಎತ್ತಿದೆ. ಯಾವತ್ತು ಸಾಗಿಸುತ್ತೀರಿ ಎಂದೆ.

"ಎಲ್ಲೂ ಒಯ್ಯಂಗಿಲ್ಲ. ಇಲ್ಲೇ ಇರಲಿ, ಕೀಲಿ ಅಮ್ಮಾರ ಕಡೇನ ಇರಲಿ. ಅಲ್ಲಿ ಇರಾವ್ರಿಗೆ ಇದು ಒಂದು ಪೆಟ್ಟಿಗಿ ಅಷ್ಟ. ಇದು ಏನು ಅಂತ ಗೊತ್ತಿದ್ದಾವ್ರು ಇವರೊಬ್ಬರ," ಎಂದರು.

ಒಬ್ಬರಿಂದ ಇಂಥ ನಷ್ಟವಾದ ಮೇಲೆ ಅವರ ಕೈಗೇ ಉಳಿದದ್ದನ್ನೂ ಕೊಡುವ ಎದೆ ನನಗಂತೂ ಇಲ್ಲ. ಅದು ಔದಾರ್ಯ ಎಂದು ಆಗ ಅಂದುಕೊಂಡಿದ್ದೆ. ಈಗ ನೋಡಿದರೆ, ಅದು ಮನುಷ್ಯರನ್ನು ಓದುವ ಶಕ್ತಿ ಅನ್ನಿಸುತ್ತದೆ. ಅತ್ತೆ ಒಳಗೆ ಹೋಗಿ ದೇವರ ಮುಂದೆ ಕೂತು ಗಟ್ಟಿಯಾಗಿ ಅತ್ತರು. ಆ ದಿನ ಎರಡು ಹೊತ್ತೂ ಊಟ ಮಾಡಿದರು.

ಕಳೆದುಹೋದ ಗೇಣುದ್ದದ ವಿಷಯದಲ್ಲಿ ಆಮೇಲೊಂದು ಮಾತು ಬಂತಂತೆ, ವಿದ್ಯಾರ್ಥಿನಿ ಹೇಳಿದ್ದು. ಆಚೀಚೆಯ ವರ್ಷಗಳನ್ನು ನೋಡಿಕೊಂಡು ಗ್ರಾಫಿನ ನಡುವೆ ಒಂದು ಗೆರೆ ಎಳೆದುಬಿಡಿ, ಯಾರಿಗೂ ತಿಳಿಯುವುದಿಲ್ಲ ಎಂದು ಜೊತೆಯ ಒಬ್ಬರು ಸಲಹೆ ಕೊಟ್ಟರಂತೆ. ಮೇಡಂ ಒಪ್ಪಲಿಲ್ಲ. ಅಲ್ಲಿ ಖಾಲಿಯೇ ಇರುತ್ತದೆ, ಯಾಕೆ ಖಾಲಿ ಎಂದೂ ಕೆಳಗೆ ಬರೆಯುತ್ತೇನೆ, ನಾನು ಎಳೆದ ಗೆರೆ ನನ್ನ ಮಾತಾಗುತ್ತದೆ, ಹಿಮದ ಮಾತಾಗುವುದಿಲ್ಲ ಎಂದರಂತೆ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಫ್ರೀಜರಿನದ್ದೇ ದರ್ಬಾರು. ಅತ್ತೆ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ನೇರ ಬಾಲ್ಕನಿಗೆ ಹೋಗಿ, ಅದರ ಮೋಟಾರು ಗುರ್ ಅನ್ನುತ್ತಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದರು. ಒಂದು ಮಧ್ಯಾಹ್ನ ಗುಡುಗು ಸಿಡಿಲಿನ ಮಳೆಗೆ ಇಡೀ ಕಟ್ಟಡದ ಕರೆಂಟ್ ಹೋಯಿತು. ಮನೆಯ ಜಮಖಾನ, ರಜಾಯಿ, ನನ್ನ ಯೋಗದ ಚಾಪೆ ಎಲ್ಲವನ್ನೂ ಅತ್ತೆ ಫ್ರೀಜರಿನ ಮೇಲೆ ಹೇರಿ, ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಒಳಗೆ ಹೇಗಿದೆ ಎಂದು ಇಣುಕಲು ಹೋದ ತಮ್ಮ ಮಗನಿಗೇ, ಮುಚ್ಚಳ ಮುಟ್ಟಿದರೆ ಕೈ ಮುರೀತೀನಿ ಎಂದರು. ಮೇಡಂ ಫೋನಿನಲ್ಲಿ ಅದನ್ನು ಕೇಳಿ ಅಗದೀ ಬರೋಬ್ಬರಿ ಎಂದು ಮೆಚ್ಚಿದರು. ಅತ್ತೆ ಆ ಮಾತನ್ನು ಮೈಸೂರಿನವರಿಗೆಲ್ಲ ಫೋನ್ ಮಾಡಿ ಹೇಳಿದರು.

ಇಬ್ಬರೂ ಗ್ರಿಲ್ಲಿನ ಆಚೆ ಈಚೆ ಕೂತು ಎಷ್ಟು ಮಾತಾಡುತ್ತಿದ್ದರೋ! ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವ ಧೈರ್ಯ ಕಾಂಡೋದಲ್ಲಿ ಯಾರಿಗೂ ಇರಲಿಲ್ಲ, ಅತ್ತೆ ಎರಡನೆಯ ವಾರವೇ ಕೇಳಿದರು. ಅಷ್ಟು ಎತ್ತರಕ್ಕೆ ಯಾರೂ ಹತ್ತಿ ಬರಲಿಲ್ಲ ಎಂದು ಮೇಡಂ ನಕ್ಕರು. ಹಿಮದೊಳಗಿನ ಕಪ್ಪು ಗೆರೆಗಳ ಬಗ್ಗೆಯೂ ಮಾತು ಬರುತ್ತಿತ್ತು. ಬೇಸಿಗೆಯ ಧೂಳು, ಇಟ್ಟಿಗೆ ಗೂಡಿನ ಹೊಗೆ, ಗದ್ದೆಗೆ ಹಾಕಿದ ಬೆಂಕಿಯ ಮಸಿ, ಎಲ್ಲ ಹಾರಿ ಬಂದು ಅಲ್ಲಿ ಕೂರುತ್ತದೆ ಎಂದು ಮೇಡಂ ಹೇಳಿದಾಗ ಅತ್ತೆ, ನಮ್ಮ ಒಲೆ ಹೊ​ಗೇನೂ ಹೋಗಿರುತ್ತಾ ಎಂದರು. ಮೈಸೂರಿನದು ಅಷ್ಟು ದೂರ ಹೋಗಿರಲಿಕ್ಕಿಲ್ಲ, ಆದರೆ ಯಾರದೋ ಮನೆಯ ಒಲೆಯದ್ದು ಇದ್ದೇ ಇದೆ ಎಂದು ಮೇಡಂ ಉತ್ತರ ಕೊಟ್ಟರು. ಊರಿಗೆ ವಿಶೇಷ ವಿಮಾನ ಶುರುವಾಗಿ ಅತ್ತೆಯ ಹೆಸರು ಬಂದಾಗ, ಈ ಐಸನ್ನು ನಿನ್ನ ಕೈಗೆ ಕೊಟ್ಟು ಹೋಗಲಾ ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋಗುವುದಿಲ್ಲ ಎಂದರು. ವೀಸಾ ಮುಂದೂಡಿಸಿಕೊಂಡೆವು. ಲ್ಯಾಬಿಗೆ ಬರಬೇಕಾದ ಹೊಸ ಫ್ರೀಜರ್ ಯಾವ ಬಂದರಿನಲ್ಲಿ ಕೂತಿತ್ತೋ, ಬರಲೇ ಇಲ್ಲ.

ಮರುವರ್ಷದ ದೊಡ್ಡ ಅಲೆಯಲ್ಲಿ ಮೇಡಂಗೆ ಸೋಂಕು ತಗುಲಿತು. ಆಂಬುಲೆನ್ಸ್ ಬಂದಾಗ ಯಾರ ಕೈಯನ್ನೂ ಹಿಡಿಯದೆ ಬೂಟು ಹಾಕಿಕೊಂಡು ತಾವೇ ನಡೆದು ಹತ್ತಿದರು. ನಾವೆಲ್ಲ ಬಾಲ್ಕನಿಗಳಿಂದ ನೋಡಿದೆವು. ಆಸ್ಪತ್ರೆಯಿಂದ ಎರಡು ಮೂರು ದಿನ ಸಂದೇಶ ಬರುತ್ತಿತ್ತು. ಕೊನೆಯದು, ಮುಚ್ಚಳದ ಅಂಚಿಗೆ ಹಿಮ ಕಟ್ಟಿದರೆ ಚಾಕು ಹಾಕಿ ಕೆರೆಯಬೇಡಿ ಎಂದು ಅಮ್ಮಾರಿಗೆ ಹೇಳು ಅನ್ನುವುದು. ಆಮೇಲೆ ಅವರನ್ನು ಉಸಿರಾಟದ ಯಂತ್ರಕ್ಕೆ ಹಾಕಿದರು. ಒಂದು ಬೆಳಿಗ್ಗೆ ವಿದ್ಯಾರ್ಥಿನಿ ಫೋನ್ ಮಾಡಿ, ಪ್ರೊಫೆಸರ್ ಹೋದರು ಎಂದು ಅತ್ತಳು.

ಧಾರವಾಡದಿಂದ ಅವರ ತಮ್ಮ ವಿಡಿಯೋ ಕರೆ ಮಾಡಿದರು. ಬರಲು ದಾರಿಯಿರಲಿಲ್ಲ. ಇಲ್ಲಿ ಚಿತಾಗಾರಕ್ಕೆ ಒಬ್ಬಿಬ್ಬರನ್ನು ಬಿಡುತ್ತಿದ್ದರು, ನಮ್ಮ ಯಜಮಾನರು ಹೋಗುವುದೆಂದಾಗಿತ್ತು. ತಮ್ಮ ಅಳುತ್ತಲೇ ಒಂದು ಮಾತು ಕೇಳಿದರು. ಗಂಗೋತ್ರಿಯ ಐಸ್ ನಿಮ್ಮ ಮನೆಯಲ್ಲಿದೆ ಎಂದು ಅಕ್ಕ ಹೇಳಿದ್ದಳು, ಅದರ ಒಂದು ಹನಿ ಅವಳ ಪೆಟ್ಟಿಗೆಯ ಮೇಲಾದರೂ ಬಿಡಿ, ಜನ್ಮವಿಡೀ ಅದಕ್ಕೇ ತೇಯ್ದಳಲ್ಲ ಎಂದರು. ನಮಗೂ ಮನಸ್ಸಿನಲ್ಲಿ ಅದೇ ಇತ್ತು. ವಿದ್ಯಾರ್ಥಿನಿಯನ್ನು ಕೇಳಿದೆ. ಒಂದು ಚೂರು ತಾನೇ, ಕ್ಯಾನ್ ಲಾ, ಆಗುತ್ತದೆ, ಮೊದಲು ಮುರಿದ ಆ ತುದಿಯಿಂದಲೇ ತೆಗೆಯಿರಿ, ಪ್ರೊಫೆಸರ್‌ಗೆ ಅದು ಸಲ್ಲಬೇಕಾದದ್ದು ಎಂದಳು. ಎಲ್ಲರೂ ಒಪ್ಪಿದ ಮೇಲೆ ನಾನು ಅತ್ತೆಯ ಹತ್ತಿರ ಹೋಗಿ ಕೀ ಕೇಳಿದೆ.

ಅತ್ತೆ ಫ್ರೀಜರಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅತ್ತು ಅತ್ತು ಕಣ್ಣು ಊದಿತ್ತು. ಸೊಂಟಕ್ಕೆ ಕೈ ಹಾಕಿದರು, ಆದರೆ ಕೀ ತೆಗೆಯಲಿಲ್ಲ, ಅದರ ಮೇಲೆ ಅಂಗೈ ಒತ್ತಿ ಹಿಡಿದುಕೊಂಡರು.

"ಕೊಡಲ್ಲ ಕಣೇ," ಎಂದರು.

ನನಗೆ ರೇಗಿತು. ನಿಮ್ಮ ಅಕ್ಕನಿಗೆ ಕೊಟ್ಟಿರಿ, ಮೇಡಂಗೆ ಇಲ್ಲವೇ ಎಂದು ಬಾಯಿಗೆ ಬಂದದ್ದನ್ನು ಅಂದೇಬಿಟ್ಟೆ. ಫೋನ್ ನನ್ನ ಕೈಯಲ್ಲೇ ಇತ್ತು, ಮೇಡಂ ಅವರ ತಮ್ಮ ಎಲ್ಲವನ್ನೂ ಕೇಳುತ್ತಿದ್ದರು. ಅತ್ತೆ ಆ ಫೋನನ್ನು ತಿರುಗಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡರು.

"ನೋಡಪ್ಪ, ಕರೆದರೆ ಗಂಗೆ ನಲ್ಲಿ ನೀರಿಗೂ ಬರ್ತಾಳೆ. ತುಳಸಿ ಹಾಕಿ ಕರೆದು ಕಳಿಸ್ತೀನಿ, ನನ್ನ ಕಾಲಕ್ಕೂ ನನಗೆ ಅದೇ ಸಾಕು. ಇದನ್ನ ನಿಮ್ಮಕ್ಕ ಇನ್ನೂ ಓದಿ ಮುಗಿಸಿಲ್ಲ. ಓದೋರು ಬರೋವರೆಗೂ ನಾನು ತೆಗೆಯಲ್ಲ."

ಫೋನಿನ ಆ ಕಡೆಯವರು ಕೈ ಮುಗಿದರು. ಅತ್ತೆ ಅಡುಗೆಮನೆಗೆ ಹೋಗಿ, ತಂಬಿಗೆ ತೊಳೆದು, ನಲ್ಲಿ ತಿರುಗಿಸಿದರು.